ಪರದೇಶದಲ್ಲಿ ರೈಲು ನಿಂತಾಗ: ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳ ಪ್ರಯಾಣಿಕರು ತಿಳಿದಿರಬೇಕಾದದ್ದು

ದಾಂಡೇಲಿ: 2021ರ ಏಪ್ರಿಲ್ 7ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೇ ವೇತನ ಆಯೋಗದ ಶಿಫಾರಸಿನಂತೆ ಸಂಬಳ ನೀಡಬೇಕೆಂದು ಮುಷ್ಕರ ಹೂಡಿದರು. ಬಸ್ಸುಗಳು ಪೂರ್ಣ ಪ್ರಮಾಣದಲ್ಲಿ ರಸ್ತೆಗೆ ಮರಳುವ ಹೊತ್ತಿಗೆ ಎರಡು ವಾರ ಕಳೆದಿತ್ತು. ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಮುಂಡಗೋಡದಂತಹ ತಾಲ್ಲೂಕುಗಳಲ್ಲಿ ಸರಕಾರಿ ಬಸ್ಸು ನಿಂತರೆ ಊರೇ ನಿಂತಂತೆ. ಆದರೂ ಇಲ್ಲಿಯ ಜನ ಹೇಗೋ ದಾರಿ ಕಂಡುಕೊಳ್ಳುತ್ತಾರೆ. ಪರಿಚಯದವರ ಟೆಂಪೊ ಸಿಗುತ್ತದೆ, ಹಾಲಿನ ವಾಹನ ಸಿಗುತ್ತದೆ, ಧಾರವಾಡದ ಕಡೆ ಹೊರಟ ಯಾರದಾದರೂ ಬೈಕಿನ ಹಿಂಬದಿಯಲ್ಲಾದರೂ ಜಾಗ ಸಿಗುತ್ತದೆ.

ಇದೇ ಪ್ರಯಾಣಿಕ ಪರದೇಶದ ರೈಲು ನಿಲ್ದಾಣವೊಂದರಲ್ಲಿ ನಿಂತಿದ್ದಾಗ ಫಲಕದ ಮೇಲಿನ ಅಷ್ಟೂ ರೈಲುಗಳು ರದ್ದಾದರೆ ಏನು ಮಾಡಬೇಕು? ಅಲ್ಲಿ ಭಾಷೆ ತಿಳಿಯದು, ಪರಿಚಯದ ಮುಖವಿಲ್ಲ, ಕೈಯಲ್ಲಿ ಆ ದೇಶದ ಹಣವೂ ಕಡಿಮೆ. ಮೂರು ಗಂಟೆಯಲ್ಲಿ ವಿಮಾನ ಹೊರಡಲಿದೆ ಅಥವಾ ನಾಳೆ ವೀಸಾ ಅವಧಿ ಮುಗಿಯಲಿದೆ ಎಂದಾದರೆ ಆತಂಕ ಇಮ್ಮಡಿಯಾಗುತ್ತದೆ.

ಇದು ಕೇವಲ ಮಹಾನಗರದವರ ಸಮಸ್ಯೆಯಾಗಿ ಉಳಿದಿಲ್ಲ. ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಉನ್ನತ ವ್ಯಾಸಂಗಕ್ಕೆ ಹೊರಡುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು, ಮಗಳ ಬಾಣಂತನಕ್ಕೆಂದು ಅರವತ್ತರ ವಯಸ್ಸಿನಲ್ಲಿ ಮೊದಲ ಬಾರಿ ವಿಮಾನ ಏರುವ ತಾಯಂದಿರು, ಧರ್ಮಬೋಧನೆಗಾಗಿ ದೇಶ ದೇಶ ಸುತ್ತುವ ಮುಂಡಗೋಡದ ಬೌದ್ಧ ಭಿಕ್ಷುಗಳು, ಹೀಗೆ ಘಟ್ಟದ ಮೇಲಿನಿಂದಲೂ ವಿದೇಶಕ್ಕೆ ಹೊರಡುವವರು ಇದ್ದಾರೆ. ಇವರೆಲ್ಲರೂ ಹೊರಡುವ ಮುನ್ನವೇ ಅರಿತಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೊಂಡಿ ಮನೆಯ ಮುಂದಿನ ರಸ್ತೆ

ವಿದೇಶ ಪ್ರಯಾಣ ಆರಂಭವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ಊರಿನ ಬಸ್ ನಿಲ್ದಾಣದಲ್ಲಿ. ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್, ಮುಂಡಗೋಡದಿಂದ ಸುಮಾರು 50 ಕಿಲೋಮೀಟರ್ ದೂರವಿದೆ. ಹುಬ್ಬಳ್ಳಿಯಿಂದ ಬೆಂಗಳೂರು ಮತ್ತೂ 400 ಕಿಲೋಮೀಟರಿನ ಹಾದಿ. ಮುಂಡಗೋಡಕ್ಕೆ ರೈಲು ಮಾರ್ಗವೇ ಇಲ್ಲ. ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರ ಕಾಲದ ಹಳಿ ಇದ್ದರೂ, ದಶಕಗಳ ನಂತರ 2019ರ ನವೆಂಬರಿನಲ್ಲಿ ಮತ್ತೆ ಆರಂಭವಾದ ಪ್ರಯಾಣಿಕರ ರೈಲು 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ನಿಂತುಹೋಯಿತು. ಹೀಗಾಗಿ ಇಲ್ಲಿಯವರ ಮುಖ್ಯ ಆಧಾರ ರಸ್ತೆ ಸಾರಿಗೆಯೇ.

ಆ ಆಧಾರ ಎಷ್ಟು ಸೂಕ್ಷ್ಮ ಎಂಬುದನ್ನು ಕಳೆದ ಕೆಲವು ಮಳೆಗಾಲಗಳು ತೋರಿಸಿವೆ. 2021ರ ಜುಲೈ ಮಳೆಗೆ ಜೊಯಿಡಾ ಮತ್ತು ಕಾರವಾರವನ್ನು ಬೆಸೆಯುವ ಅಣಶಿ ಘಟ್ಟದಲ್ಲೂ, ಯಲ್ಲಾಪುರ ಮತ್ತು ಅಂಕೋಲಾ ನಡುವಿನ ಅರಬೈಲ್ ಘಟ್ಟದಲ್ಲೂ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತು. ಅದೇ ತಿಂಗಳ 23ರಂದು ದೂಧ್‌ಸಾಗರ ಸಮೀಪದ ಘಟ್ಟದಲ್ಲಿ ಹಳಿಯ ಮೇಲೆ ಮಣ್ಣು ಕುಸಿದು, ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ರೈಲು ಹಳಿ ತಪ್ಪಿತು. ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಮೂಲಕ ಗೋವಾಕ್ಕೆ ಇಳಿಯುವ ಈ ಮಾರ್ಗ 2023ರ ಜುಲೈನಲ್ಲಿ ಭೂಕುಸಿತದಿಂದಲೂ, 2024ರ ಆಗಸ್ಟ್‌ನಲ್ಲಿ ಸರಕು ಸಾಗಣೆ ರೈಲು ಹಳಿ ತಪ್ಪಿದ್ದರಿಂದಲೂ ಮತ್ತೆ ಬಂದ್ ಆಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದರೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿದು ಬಿತ್ತು. ಇವೆರಡೂ ಗೋವಾದತ್ತ ಸಾಗುವ ಕರಾವಳಿ ಹೆದ್ದಾರಿಯಲ್ಲಿ ಒಂದು ತಿಂಗಳೊಳಗೆ ನಡೆದ ಘಟನೆಗಳು. ರಾಮನಗರದ ಕಡೆಯಿಂದ ಗೋವಾಕ್ಕೆ ಹೋಗುವ ಅನಮೋಡ ಘಟ್ಟದಲ್ಲಿಯೂ 2025ರ ಜುಲೈನಲ್ಲಿ ರಸ್ತೆಯ ಅಂಚು ಕುಸಿದು ಭಾರಿ ವಾಹನಗಳಿಗೆ ನಿರ್ಬಂಧ ಹೇರಲಾಯಿತು.

ಇದರಿಂದ ಹೊರಡುವ ಪಾಠ ಸರಳವಾದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ದಾಬೋಲಿ ಅಥವಾ ಮೋಪಾ ವಿಮಾನ ನಿಲ್ದಾಣದಿಂದ ಹೊರಡುವವರು ಘಟ್ಟ ಇಳಿಯುವ ಕೆಲಸವನ್ನು ಹಿಂದಿನ ದಿನವೇ ಮುಗಿಸಬೇಕು. ಬೆಂಗಳೂರಿನಿಂದ ಹೊರಡುವವರು ಯಾವ ಕಾಲದಲ್ಲೇ ಆಗಲಿ ಒಂದು ರಾತ್ರಿ ಮೊದಲೇ ಅಲ್ಲಿರುವುದು ಲೇಸು. 2025ರ ಆಗಸ್ಟ್ 5ರ ಸಾರಿಗೆ ಮುಷ್ಕರ ಒಂದೇ ದಿನಕ್ಕೆ ಮುಗಿಯಿತಾದರೂ, ಅದೇ ರಾತ್ರಿ ವಿಮಾನ ಹತ್ತಬೇಕಿದ್ದವರಿಗೆ ಆ ಒಂದು ದಿನವೇ ದುಬಾರಿ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆ, ತಪ್ಪಿಹೋದ ಅಂತಾರಾಷ್ಟ್ರೀಯ ಟಿಕೆಟ್ಟಿನ ಬೆಲೆಯ ಮುಂದೆ ಏನೂ ಅಲ್ಲ.

ಒಂದು ಟಿಕೆಟ್ಟೊ, ಎರಡು ಟಿಕೆಟ್ಟೊ?

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರು ಅಥವಾ ಮುಂಬೈಗೆ ಹೋಗಿ ಅಲ್ಲಿಂದ ಪರದೇಶಕ್ಕೆ ಹಾರುವವರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್ ಸಂಖ್ಯೆಯಡಿ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಪ್ರಯಾಣಿಕರನ್ನು ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ವಿಮಾನ ಸಂಸ್ಥೆಯದಾಗುತ್ತದೆ. ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟ್ ಕೊಂಡಿದ್ದರೆ ಎರಡನೆಯ ಸಂಸ್ಥೆಯ ದೃಷ್ಟಿಯಲ್ಲಿ ಆ ಪ್ರಯಾಣಿಕರು ತಡವಾಗಿ ಬಂದವರಷ್ಟೇ. ಹೊಸ ಟಿಕೆಟ್ಟಿನ ಹಣವನ್ನು ಅವರೇ ತೆರಬೇಕು.

ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡಿವೆ. ಹುಬ್ಬಳ್ಳಿಯಿಂದ ಬಂದ ವಿಮಾನ ಒಂದನೇ ಟರ್ಮಿನಲ್‌ನಲ್ಲಿ ಇಳಿಸಿದರೆ, ಸಾಮಾನು ಪಡೆದು ಇನ್ನೊಂದು ಕಟ್ಟಡಕ್ಕೆ ತೆರಳಲು ಸಮಯ ಬೇಕು. ಎರಡು ಟಿಕೆಟ್ ಕೊಂಡವರು ನಡುವೆ ಐದಾರು ಗಂಟೆಗಳ ಅಂತರವನ್ನಾದರೂ ಇರಿಸಿಕೊಳ್ಳುವುದು ಕ್ಷೇಮ.

ಪೈಲಟ್‌ಗಳ ಕರ್ತವ್ಯ ಅವಧಿ ಕುರಿತ ಹೊಸ ನಿಯಮ ಜಾರಿಯಾದ ನಂತರ, 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ದೇಶದೊಳಗಿನ ವಿಮಾನವನ್ನು ನಂಬಿ ಪರದೇಶದ ಟಿಕೆಟ್ ಬೇರೆಯಾಗಿ ಕೊಂಡಿದ್ದವರಿಗೆ ಈ ಎರಡು ಬಗೆಯ ಟಿಕೆಟ್ಟಿನ ವ್ಯತ್ಯಾಸ ಆಗ ಚೆನ್ನಾಗಿಯೇ ಅರ್ಥವಾಗಿರಬೇಕು.

ಇನ್ನೊಂದು ಸಣ್ಣ ಎಚ್ಚರಿಕೆ ಈ ಭಾಗದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದಾಗ ಹಲವು ಬಾರಿ ಏಜೆಂಟರದೇ ಮೊಬೈಲ್ ಸಂಖ್ಯೆ ನಮೂದಾಗಿರುತ್ತದೆ. ವಿಮಾನದ ಸಮಯ ಬದಲಾದ ಸಂದೇಶ ಅವರಿಗೆ ಹೋಗುತ್ತದೆಯೇ ಹೊರತು ಪ್ರಯಾಣಿಕರಿಗಲ್ಲ. ಜೊಯಿಡಾ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೇ ದುರ್ಲಭ. ಆದ್ದರಿಂದ ಟಿಕೆಟ್ಟಿನಲ್ಲಿ ಪ್ರಯಾಣಿಕರ ಸಂಖ್ಯೆಯ ಜೊತೆಗೆ ಪಟ್ಟಣದಲ್ಲಿರುವ ಬಂಧುವೊಬ್ಬರ ಇ-ಮೇಲ್ ವಿಳಾಸವನ್ನೂ ಸೇರಿಸುವಂತೆ ಕೇಳಬೇಕು.

ಮುಷ್ಕರವೂ ವೇಳಾಪಟ್ಟಿಯಂತೆ

ನಮ್ಮಲ್ಲಿ ಮುಷ್ಕರವೆಂದರೆ ಬೆಳಿಗ್ಗೆ ನಿಲ್ದಾಣಕ್ಕೆ ಬಂದ ಮೇಲೆಯೇ ನಿಜ ಸ್ಥಿತಿ ಗೊತ್ತಾಗುವುದುಂಟು. ಯುರೋಪಿನ ಅನೇಕ ದೇಶಗಳಲ್ಲಿ ಮುಷ್ಕರಕ್ಕೂ ನಿಯಮಗಳಿವೆ. ಅವನ್ನು ಅರಿತವರಿಗೆ ಅರ್ಧ ತೊಂದರೆ ಕಡಿಮೆ.

ಇಟಲಿಯಲ್ಲಿ ನಡೆಯಲಿರುವ ಸಾರಿಗೆ ಮುಷ್ಕರಗಳ ಪಟ್ಟಿಯನ್ನು ಅಲ್ಲಿನ ಸಾರಿಗೆ ಸಚಿವಾಲಯವೇ ಮುಂಚಿತವಾಗಿ ಪ್ರಕಟಿಸುತ್ತದೆ. ಮುಷ್ಕರದ ದಿನವೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9 ಗಂಟೆಯವರೆಗೆ ಅಗತ್ಯ ಪ್ರಾದೇಶಿಕ ರೈಲುಗಳು ಓಡಬೇಕೆಂಬ ಕಟ್ಟುಪಾಡು ಇದೆ. ಫ್ರಾನ್ಸಿನಲ್ಲಿ ರೈಲು ನಡೆಸುವ ನೌಕರರು ತಾವು ಮುಷ್ಕರದಲ್ಲಿ ಭಾಗವಹಿಸುವುದನ್ನು 48 ಗಂಟೆ ಮೊದಲು ತಿಳಿಸಬೇಕಾಗುತ್ತದೆ. ಅದನ್ನು ಆಧರಿಸಿ, ಯಾವ ರೈಲು ಓಡುತ್ತದೆ, ಯಾವುದು ಇಲ್ಲ ಎಂಬುದನ್ನು ರೈಲ್ವೆ ಸಂಸ್ಥೆ ಹಿಂದಿನ ದಿನ ಸಂಜೆ 5 ಗಂಟೆಯ ಹೊತ್ತಿಗೆ ಪ್ರಕಟಿಸುತ್ತದೆ. ಜರ್ಮನಿಯಲ್ಲಿ 2024ರ ಜನವರಿ 24ರಿಂದ ರೈಲು ಚಾಲಕರ ಸಂಘ ಸುಮಾರು ಐದು ದಿನಗಳ ಮುಷ್ಕರ ನಡೆಸಿದಾಗ ಕಡಿಮೆ ಸಂಖ್ಯೆಯ ತುರ್ತು ವೇಳಾಪಟ್ಟಿಯಂತೆ ಕೆಲವು ರೈಲುಗಳು ಓಡಿದವು.

ಹಾಗಾಗಿ ಪರದೇಶದಲ್ಲಿರುವವರು ಪ್ರಯಾಣದ ಹಿಂದಿನ ಸಂಜೆ ಸಂಬಂಧಪಟ್ಟ ರೈಲ್ವೆ ಸಂಸ್ಥೆಯ ಅಧಿಕೃತ ಜಾಲತಾಣ ಅಥವಾ ಆ್ಯಪ್‌ನಲ್ಲಿ ತಮ್ಮ ರೈಲಿನ ಸಂಖ್ಯೆಯನ್ನು ಪರೀಕ್ಷಿಸುವುದನ್ನು ರೂಢಿಸಿಕೊಳ್ಳಬೇಕು. ವಿಮಾನ ಹಿಡಿಯಬೇಕಾದ ದಿನ ಮುಷ್ಕರ ಘೋಷಣೆಯಾಗಿದ್ದರೆ, ಹಿಂದಿನ ದಿನವೇ ವಿಮಾನ ನಿಲ್ದಾಣವಿರುವ ನಗರ ತಲಪುವುದು ಸೂಕ್ತ. ದೂರದೂರುಗಳ ನಡುವೆ ಓಡುವ ಖಾಸಗಿ ಬಸ್ಸುಗಳು ರೈಲು ಮುಷ್ಕರದ ದಿನಗಳಲ್ಲಿ ಬೇಗ ಭರ್ತಿಯಾಗುತ್ತವೆ. ಸುದ್ದಿ ತಿಳಿದ ಕೂಡಲೇ ಸೀಟು ಕಾಯ್ದಿರಿಸಬೇಕು.

ಯಾರ ತಪ್ಪೂ ಇಲ್ಲದೆ ನಿಂತಾಗ

ಎಲ್ಲ ಅಡಚಣೆಗಳೂ ಮುನ್ಸೂಚನೆ ನೀಡಿ ಬರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನು ಆವರಿಸಿ ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. 2024ರ ಏಪ್ರಿಲ್ 16ರಂದು ದುಬೈನಲ್ಲಿ ಹಿಂದೆಂದೂ ಕಾಣದ ಮಳೆ ಸುರಿದು ರನ್‌ವೇಯಲ್ಲಿ ನೀರು ನಿಂತಿತು, ಮೆಟ್ರೊ ಸಂಚಾರ ಅಸ್ತವ್ಯಸ್ತಗೊಂಡಿತು, ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. 2025ರ ಮಾರ್ಚ್ 21ರಂದು ವಿದ್ಯುತ್ ಉಪಕೇಂದ್ರವೊಂದರ ಬೆಂಕಿಯಿಂದ ಲಂಡನ್ನಿನ ಹೀಥ್ರೊ ನಿಲ್ದಾಣ ದಿನದ ಬಹುಪಾಲು ಮುಚ್ಚಿತ್ತು. ಅದೇ ವರ್ಷ ಜೂನ್ 23ರಂದು ಕತಾರ್ ತನ್ನ ವಾಯುಮಾರ್ಗವನ್ನು ಕೆಲವು ಗಂಟೆ ಮುಚ್ಚಿದ್ದರಿಂದ ದೋಹಾ ಮೂಲಕ ಸಾಗುವವರು ಅಲ್ಲಲ್ಲೇ ಸಿಲುಕಿದರು.

2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಏಕಾಏಕಿ ವಿದ್ಯುತ್ ಕಡಿತಗೊಂಡಾಗ ನಡೆದದ್ದು ಇನ್ನಷ್ಟು ಬೋಧಪ್ರದ. ರೈಲುಗಳು ನಡುದಾರಿಯಲ್ಲಿ ನಿಂತವು. ಸ್ಪೇನಿನಲ್ಲಿ ಸುಮಾರು 35 ಸಾವಿರ ಪ್ರಯಾಣಿಕರನ್ನು ರೈಲುಗಳಿಂದ ಹೊರತರಬೇಕಾಯಿತು. ಎಟಿಎಂ ಮತ್ತು ಕಾರ್ಡ್ ಯಂತ್ರಗಳು ಕೆಲಸ ಮಾಡಲಿಲ್ಲ, ಮೊಬೈಲ್ ಜಾಲ ಕುಸಿಯಿತು. ಕಿಸೆಯಲ್ಲಿ ನಗದು, ಚೀಲದಲ್ಲಿ ನೀರಿನ ಬಾಟಲಿ, ಕಾಗದದ ಮೇಲೆ ಬರೆದುಕೊಂಡ ವಿಳಾಸ ಇದ್ದವರ ಪಾಡು ಸುಧಾರಿಸಿತು. ಎಲ್ಲವನ್ನೂ ಮೊಬೈಲಿನೊಳಗೇ ಇಟ್ಟುಕೊಂಡಿದ್ದವರು ಹೆಚ್ಚು ಪರದಾಡಿದರು.

ಮೊದಲ ಒಂದು ಗಂಟೆ

ರೈಲೊ ವಿಮಾನವೊ ರದ್ದಾದ ಪ್ರಕಟಣೆ ಬಂದ ಮೊದಲ ಗಂಟೆ ನಿರ್ಣಾಯಕ. ಉಳಿದ ಸೀಟುಗಳು, ಸಮೀಪದ ಹೋಟೆಲ್ ಕೊಠಡಿಗಳು ಆ ಅವಧಿಯಲ್ಲೇ ಖಾಲಿಯಾಗುತ್ತವೆ. ಆ ಹೊತ್ತಿನಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ.

ಮೊದಲನೆಯದಾಗಿ, ಟಿಕೆಟ್ಟನ್ನು ತಾವಾಗಿಯೇ ರದ್ದುಪಡಿಸಬಾರದು. ಪ್ರಯಾಣಿಕರೇ ರದ್ದುಪಡಿಸಿದರೆ ಪರಿಹಾರದ ಹಾಗೂ ಬದಲಿ ವ್ಯವಸ್ಥೆಯ ಹಕ್ಕು ಕೈತಪ್ಪುವ ಸಂಭವವಿದೆ. ಎರಡನೆಯದಾಗಿ, ಕೌಂಟರಿನ ಸಾಲಿನಲ್ಲಿ ನಿಂತುಕೊಂಡೇ ಸಂಸ್ಥೆಯ ಆ್ಯಪ್ ಮತ್ತು ಸಹಾಯವಾಣಿಯನ್ನೂ ಪ್ರಯತ್ನಿಸಬೇಕು. ಇಬ್ಬರಿದ್ದರೆ ಒಬ್ಬರು ಸಾಲಿನಲ್ಲಿ, ಒಬ್ಬರು ಫೋನಿನಲ್ಲಿ ಇರುವುದು ಜಾಣತನ. ಮೂರನೆಯದಾಗಿ, ಪ್ರಕಟಣಾ ಫಲಕದ ಛಾಯಾಚಿತ್ರ ತೆಗೆದುಕೊಂಡು, ರದ್ದು ಅಥವಾ ವಿಳಂಬಕ್ಕೆ ಕಾರಣವೇನೆಂಬುದನ್ನು ಲಿಖಿತವಾಗಿ ಕೇಳಬೇಕು. ಮುಂದೆ ವಿಮೆಗೂ ಪರಿಹಾರಕ್ಕೂ ಇದೇ ಮುಖ್ಯ ದಾಖಲೆ. ನಾಲ್ಕನೆಯದಾಗಿ, ಊಟ, ಟ್ಯಾಕ್ಸಿ, ವಸತಿಗೆ ಮಾಡಿದ ಪ್ರತಿ ಖರ್ಚಿನ ರಸೀದಿ ಇಟ್ಟುಕೊಳ್ಳಬೇಕು.

ಜಪಾನಿನಲ್ಲಿ ರೈಲು ತಡವಾದರೆ ನಿಲ್ದಾಣದಲ್ಲೇ ವಿಳಂಬ ಪ್ರಮಾಣಪತ್ರ ನೀಡುವ ಪದ್ಧತಿಯಿದೆ. ನೌಕರರು ಕಚೇರಿಯಲ್ಲೂ, ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಯಲ್ಲೂ ಅದನ್ನು ತೋರಿಸುತ್ತಾರೆ. ಅಲ್ಲಿಗೆ ಓದಲು ಹೋಗುವವರು ಆ ಚೀಟಿ ಕೇಳಿ ಪಡೆಯುವುದನ್ನು ಮರೆಯಬಾರದು.

ಗಾಬರಿಯ ಹೊತ್ತಿನಲ್ಲಿ ನಿಲ್ದಾಣದ ಹೊರಗೆ ಹೆಚ್ಚಿನ ಬಾಡಿಗೆಗೆ ವಾಹನ ತೋರಿಸುವ ಅಪರಿಚಿತರನ್ನು ನಂಬುವುದು ಅಪಾಯಕರ. ಪರವಾನಗಿ ಇರುವ ಟ್ಯಾಕ್ಸಿ ನಿಲ್ದಾಣವನ್ನೇ ಬಳಸಬೇಕು. ಅದೇ ಊರಿಗೆ ಹೋಗುವ ಇಬ್ಬರು ಮೂವರು ಪ್ರಯಾಣಿಕರು ಕೂಡಿ ಬಾಡಿಗೆ ಹಂಚಿಕೊಂಡರೆ ಹೊರೆ ತಗ್ಗುತ್ತದೆ.

ಯಾವ ದೇಶದಲ್ಲಿ ಯಾವ ಹಕ್ಕು?

ಐರೋಪ್ಯ ಒಕ್ಕೂಟದಲ್ಲಿ 2005ರ ಫೆಬ್ರವರಿ 17ರಿಂದ ಅನ್ವಯವಾಗುತ್ತಿರುವ 261/2004 ಸಂಖ್ಯೆಯ ನಿಯಮಾವಳಿ ವಿಮಾನ ಪ್ರಯಾಣಿಕರ ದೊಡ್ಡ ಆಸರೆ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೂ ಇದು ಅನ್ವಯ. ಭಾರತದಿಂದ ಅಲ್ಲಿಗೆ ಹೋಗುವಾಗ ಮಾತ್ರ ಒಕ್ಕೂಟದ ವಿಮಾನ ಸಂಸ್ಥೆಯಾಗಿದ್ದರಷ್ಟೇ ಅನ್ವಯಿಸುತ್ತದೆ. ಸಂಸ್ಥೆಯ ಹೊಣೆಯಿಂದಾದ ರದ್ದತಿ ಅಥವಾ ದೀರ್ಘ ವಿಳಂಬಕ್ಕೆ ದೂರವನ್ನು ಅನುಸರಿಸಿ 250, 400 ಅಥವಾ 600 ಯೂರೊ ಪರಿಹಾರ ದೊರೆಯುತ್ತದೆ. ಚಂಡಮಾರುತ, ಜ್ವಾಲಾಮುಖಿಯಂತಹ ಅಸಾಧಾರಣ ಕಾರಣವಿದ್ದರೆ ಪರಿಹಾರದ ಹಣ ಸಿಗದು. ಆದರೂ ಊಟ, ರಾತ್ರಿಯ ವಸತಿ ಮತ್ತು ಬದಲಿ ಪ್ರಯಾಣ ಕಲ್ಪಿಸುವ ಕರ್ತವ್ಯದಿಂದ ಸಂಸ್ಥೆ ತಪ್ಪಿಸಿಕೊಳ್ಳುವಂತಿಲ್ಲ. ಈ ವ್ಯತ್ಯಾಸ ತಿಳಿಯದ ಅನೇಕರು, ಪರಿಹಾರವಿಲ್ಲವೆಂದ ಕೂಡಲೇ ಊಟ ವಸತಿಯನ್ನೂ ಕೇಳದೆ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆಯುತ್ತಾರೆ.

ಒಕ್ಕೂಟದ ರೈಲು ಪ್ರಯಾಣಿಕರಿಗೆ 2023ರ ಜೂನ್ 7ರಿಂದ ಹೊಸ ನಿಯಮಾವಳಿ ಜಾರಿಯಲ್ಲಿದೆ. ಒಂದು ಗಂಟೆಯಿಂದ ಎರಡು ಗಂಟೆಯೊಳಗಿನ ವಿಳಂಬಕ್ಕೆ ಟಿಕೆಟ್ ದರದ ಶೇ 25, ಎರಡು ಗಂಟೆ ಮೀರಿದರೆ ಶೇ 50ರಷ್ಟು ಹಣ ಮರಳುತ್ತದೆ. ನೈಸರ್ಗಿಕ ವಿಕೋಪದಂತಹ ಕಾರಣಗಳಿಗೆ ವಿನಾಯಿತಿಯಿದೆ. ಬದಲಿ ವ್ಯವಸ್ಥೆಯ ವಿವರವನ್ನು ರೈಲ್ವೆ ಸಂಸ್ಥೆ 100 ನಿಮಿಷಗಳೊಳಗೆ ತಿಳಿಸದಿದ್ದರೆ, ಪ್ರಯಾಣಿಕರೇ ಬೇರೆ ರೈಲು ಅಥವಾ ಬಸ್ಸು ಹಿಡಿದು ಅದರ ಅಗತ್ಯ ವೆಚ್ಚವನ್ನು ಕೇಳಬಹುದು. ಬ್ರಿಟನ್ನಿನಲ್ಲಿ ರೈಲು 15 ಅಥವಾ 30 ನಿಮಿಷ ತಡವಾದರೂ, ಆಯಾ ಸಂಸ್ಥೆಯ ಯೋಜನೆಯಂತೆ ಹಣದ ಒಂದು ಭಾಗ ಮರಳಿ ಪಡೆಯಲು ಅವಕಾಶವಿದೆ. ಅರ್ಜಿ ಮಾತ್ರ ಪ್ರಯಾಣಿಕರೇ ಹಾಕಬೇಕು.

ಅಮೆರಿಕದ ರೀತಿ ಬೇರೆ. ಅಲ್ಲಿ ತೊಂದರೆಗೆಂದು ನಿಗದಿತ ಪರಿಹಾರ ನೀಡುವ ಕಾನೂನಿಲ್ಲ. ಆದರೆ ವಿಮಾನ ರದ್ದಾಗಿ ಅಥವಾ ಗಣನೀಯವಾಗಿ ಬದಲಾಗಿ, ಪ್ರಯಾಣಿಕರು ಬದಲಿ ವ್ಯವಸ್ಥೆಯನ್ನು ಒಪ್ಪದಿದ್ದರೆ ಪೂರ್ಣ ಹಣ ಮರಳಿಸಬೇಕೆಂಬ ನಿಯಮವನ್ನು 2024ರಲ್ಲಿ ಬಿಗಿಗೊಳಿಸಲಾಯಿತು. ಕೌಂಟರಿನಲ್ಲಿ ನೀಡುವ ವೋಚರಿಗೆ ಒಪ್ಪಿದರೆ ನಗದಿನ ಹಕ್ಕು ಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ಭಾರತದೊಳಗಿನ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿವೆ. ಮುಂಚಿತವಾಗಿ ತಿಳಿಸದೆ ರದ್ದುಪಡಿಸಿದರೆ ಬದಲಿ ವಿಮಾನ ಅಥವಾ ಮರುಪಾವತಿಯ ಜೊತೆಗೆ, ಹಾರಾಟದ ಅವಧಿಯನ್ನು ಅನುಸರಿಸಿ 5,000 ರೂಪಾಯಿಯಿಂದ 10,000 ರೂಪಾಯಿಯವರೆಗೆ ಅಥವಾ ಮೂಲ ದರ ಮತ್ತು ಇಂಧನ ಶುಲ್ಕದಷ್ಟು, ಇವೆರಡರಲ್ಲಿ ಕಡಿಮೆಯಾದ ಮೊತ್ತ ನೀಡಬೇಕು. ಸಂಸ್ಥೆಯ ಹಿಡಿತ ಮೀರಿದ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ.

ಬಸ್ಸಿನಿಂದಾಗಿ ವಿಮಾನ ತಪ್ಪಿದರೆ ಈ ಯಾವ ನಿಯಮವೂ ನೆರವಿಗೆ ಬಾರದು. ಅಲ್ಲಿ ಉಪಯೋಗಕ್ಕೆ ಬರುವುದು ಮುಂಚಿತವಾಗಿ ಇಟ್ಟುಕೊಂಡ ಸಮಯ ಮತ್ತು ಪ್ರವಾಸ ವಿಮೆ ಮಾತ್ರ.

ವಿಮೆಯ ಸಣ್ಣಕ್ಷರಗಳು

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅನೇಕರು ಅಷ್ಟಕ್ಕೇ ತೃಪ್ತರಾಗುತ್ತಾರೆ. ಆದರೆ ವೈದ್ಯಕೀಯ ವಿಮೆ ಬೇರೆ, ಪ್ರಯಾಣ ವಿಳಂಬದ ಹಾಗೂ ಸಂಪರ್ಕ ವಿಮಾನ ತಪ್ಪಿದ್ದರ ವಿಮೆ ಬೇರೆ. ಪಾಲಿಸಿಯಲ್ಲಿ ಈ ಎರಡೂ ಇವೆಯೇ, ಎಷ್ಟು ಗಂಟೆ ವಿಳಂಬದ ನಂತರ ಹಣ ಸಿಗುತ್ತದೆ, ಊರಿನ ಬಸ್ಸು ಕೈಕೊಟ್ಟರೆ ಅನ್ವಯಿಸುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು. ಮುಷ್ಕರ ಘೋಷಣೆಯಾದ ನಂತರ ಕೊಂಡ ಪಾಲಿಸಿ ಸಾಮಾನ್ಯವಾಗಿ ಆ ಮುಷ್ಕರಕ್ಕೆ ಅನ್ವಯಿಸುವುದಿಲ್ಲ. ಟಿಕೆಟ್ ಕೊಂಡ ದಿನವೇ ವಿಮೆಯನ್ನೂ ಕೊಳ್ಳುವುದು ಒಳ್ಳೆಯದೆನ್ನುವುದು ಇದೇ ಕಾರಣಕ್ಕೆ.

ವೀಸಾ ಮುಗಿಯುವ ದಿನ ವಿಮಾನ ರದ್ದಾದರೆ

ಪ್ರಯಾಣಿಕರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆಯಿದು. ಅವಧಿ ಮೀರಿ ಉಳಿದರೆ ಮುಂದಿನ ವೀಸಾಕ್ಕೆ ಅಡ್ಡಿಯಾಗಬಹುದು. ಷೆಂಗೆನ್ ರಾಷ್ಟ್ರಗಳ ವೀಸಾ ಸಂಹಿತೆಯ 33ನೇ ವಿಧಿಯಂತೆ, ಅನಿವಾರ್ಯ ಕಾರಣದಿಂದ ಹೊರಡಲಾಗದೆ ಉಳಿದವರ ವೀಸಾ ಅವಧಿಯನ್ನು ಶುಲ್ಕವಿಲ್ಲದೆ ವಿಸ್ತರಿಸಲು ಅವಕಾಶವಿದೆ. ಇದಕ್ಕಾಗಿ ಅವಧಿ ಮುಗಿಯುವ ಮೊದಲೇ ಸ್ಥಳೀಯ ವಲಸೆ ಕಚೇರಿ ಅಥವಾ ವಿಮಾನ ನಿಲ್ದಾಣದ ಪೊಲೀಸರನ್ನು ಕಾಣಬೇಕು. ವಿಮಾನ ರದ್ದಾದ ಪತ್ರ ಮತ್ತು ಹೊಸ ಟಿಕೆಟ್ ತೋರಿಸಬೇಕು. ಸುಮ್ಮನೆ ಕುಳಿತು ನಂತರ ಕಾರಣ ಹೇಳುವುದಕ್ಕಿಂತ ಮೊದಲೇ ಹೋಗಿ ತಿಳಿಸುವುದು ಯಾವ ದೇಶದಲ್ಲಾದರೂ ಉತ್ತಮ. ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೂ, ದುಡಿಯಲು ಹೋದವರು ಮಾಲೀಕರಿಗೂ ಅಂದೇ ಲಿಖಿತವಾಗಿ ತಿಳಿಸಬೇಕು.

ನಡುದಾರಿಯ ದೇಶದಲ್ಲಿ ಸಿಲುಕಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ವಿಮಾನ ಸಂಸ್ಥೆ ಊರಿನೊಳಗೆ ಹೋಟೆಲ್ ಕೊಟ್ಟರೂ, ಆ ದೇಶದ ವೀಸಾ ಇಲ್ಲದವರು ನಿಲ್ದಾಣದಿಂದ ಹೊರಗೆ ಹೋಗಲು ಸಾಧ್ಯವಾಗದಿರಬಹುದು. ಆದ್ದರಿಂದ ಔಷಧಿ, ಬದಲಿ ಬಟ್ಟೆ, ಚಾರ್ಜರ್‌ಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇರಿಸಿಕೊಳ್ಳಬೇಕು.

ಮುಂಡಗೋಡದ ಟಿಬೆಟನ್ ನಿವಾಸಿಗಳಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ. 1966ರಲ್ಲಿ ಸ್ಥಾಪನೆಯಾದ ಇಲ್ಲಿಯ ಡೋಗುಲಿಂಗ್ ವಸತಿ ಪ್ರದೇಶದಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಿದ್ದು, ಅಲ್ಲಿಯ ಭಿಕ್ಷುಗಳು ವಿದೇಶಗಳಿಗೆ ಹೋಗಿಬರುತ್ತಾರೆ. ಇವರಲ್ಲಿ ಅನೇಕರ ಬಳಿ ಪಾಸ್‌ಪೋರ್ಟ್ ಬದಲು ಭಾರತ ಸರಕಾರ ನೀಡುವ ಹಳದಿ ಹೊದಿಕೆಯ ಐಡೆಂಟಿಟಿ ಸರ್ಟಿಫಿಕೇಟ್ ಇರುತ್ತದೆ. ಎಲ್ಲ ದೇಶಗಳೂ ಇದನ್ನು ಪಾಸ್‌ಪೋರ್ಟಿನಂತೆಯೇ ಪರಿಗಣಿಸುವುದಿಲ್ಲ. ವಿಮಾನ ರದ್ದಾಗಿ ಬೇರೊಂದು ದೇಶದ ಮೂಲಕ ಬದಲಿ ಟಿಕೆಟ್ ಕೊಟ್ಟರೆ, ಆ ದೇಶದ ಟ್ರಾನ್ಸಿಟ್ ನಿಯಮ ತಮಗೆ ಅನ್ವಯಿಸುವ ಬಗೆಯನ್ನು ಕೇಳದೆ ಒಪ್ಪಬಾರದು. ಮೊದಲಿನ ಮಾರ್ಗದಲ್ಲೇ ಮರುದಿನದ ವಿಮಾನ ಕೇಳುವುದು ಇಂತಹ ಸಂದರ್ಭದಲ್ಲಿ ಸುರಕ್ಷಿತ.

ಯಾವುದೇ ತುರ್ತಿನಲ್ಲಿ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸುವ ವ್ಯವಸ್ಥೆಯೂ ಇದೆ. ಐರೋಪ್ಯ ಒಕ್ಕೂಟದ ರಾಷ್ಟ್ರಗಳಲ್ಲಿ ತುರ್ತು ಕರೆಯ ಸಂಖ್ಯೆ ನಮ್ಮಲ್ಲಿಯಂತೆಯೇ 112. ಅಮೆರಿಕದಲ್ಲಿ 911.

ಹಿರಿಯರ ಕಿಸೆಯಲ್ಲೊಂದು ಚೀಟಿ

ಮಕ್ಕಳ ಬಳಿಗೆ ಹೊರಡುವ ತಂದೆ ತಾಯಿಯರಿಗೆ ಇಂಗ್ಲಿಷ್ ಬಾರದಿದ್ದರೆ ಅಡಚಣೆಯ ಪ್ರಕಟಣೆಯೇ ಅರ್ಥವಾಗುವುದಿಲ್ಲ. ಸುತ್ತಲಿನವರೆಲ್ಲ ಎದ್ದು ನಡೆದಾಗ ಅವರೂ ನಡೆಯುತ್ತಾರೆ, ಎಲ್ಲಿಗೆಂದು ತಿಳಿಯದೆ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ನೆರವನ್ನು ಕೋರಿದರೆ, ವಿಮಾನ ಬದಲಿಸುವಾಗ ಸಿಬ್ಬಂದಿಯೊಬ್ಬರು ಜೊತೆಗಿರುತ್ತಾರೆ. ನಡೆಯಲು ಕಷ್ಟವಿರುವ ಹಿರಿಯರು ಇದನ್ನು ಕೇಳಲು ಸಂಕೋಚಪಡಬೇಕಿಲ್ಲ.

ಇದರೊಂದಿಗೆ ಕಾಗದದ ಚೀಟಿಯೊಂದನ್ನು ಪಾಸ್‌ಪೋರ್ಟಿನೊಂದಿಗೆ ಇಡಬೇಕು. ಅದರ ಒಂದು ಬದಿಯಲ್ಲಿ ಕನ್ನಡದಲ್ಲಿ ಮಾಡಬೇಕಾದ ಕೆಲಸದ ಕ್ರಮ, ಇನ್ನೊಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ಹೆಸರು, ಹೋಗಬೇಕಾದ ಊರಿನ ವಿಳಾಸ, ಮಗ ಅಥವಾ ಮಗಳ ದೂರವಾಣಿ ಸಂಖ್ಯೆ, ಸೇವಿಸುವ ಔಷಧಿಗಳ ಹೆಸರು, ಸಸ್ಯಾಹಾರಿಗಳಾಗಿದ್ದರೆ ಆ ಮಾಹಿತಿ ಹಾಗೂ ತಮ್ಮ ವಿಮಾನ ರದ್ದಾಗಿದ್ದರೆ ದಯವಿಟ್ಟು ಈ ಸಂಖ್ಯೆಗೆ ಕರೆ ಮಾಡಿ ಎಂಬ ಒಂದು ವಾಕ್ಯ ಇರಲಿ. ಮೊಬೈಲಿನ ಬ್ಯಾಟರಿ ಮುಗಿದರೂ ಈ ಚೀಟಿ ಕೆಲಸ ಮಾಡುತ್ತದೆ. ಮೂರು ನಾಲ್ಕು ದಿನಗಳ ಹೆಚ್ಚುವರಿ ಔಷಧಿ, ವೈದ್ಯರ ಚೀಟಿಯ ಪ್ರತಿ, ಒಂದಿಷ್ಟು ಚಕ್ಕುಲಿ, ಅವಲಕ್ಕಿಯಂತಹ ಒಣ ತಿಂಡಿ ಕೈಚೀಲದಲ್ಲಿರುವುದು ಒಳ್ಳೆಯದು.

ಇಲ್ಲಿಗೆ ಬಂದವರ ಪಾಡು

ಈ ವಿಷಯಕ್ಕೆ ಇನ್ನೊಂದು ಮಗ್ಗುಲೂ ಇದೆ. ದಾಂಡೇಲಿಯ ಕಾಡು ಮತ್ತು ಕಾಳಿ ನದಿಯನ್ನು ನೋಡಲು, ಮುಂಡಗೋಡದ ಮಠಗಳಲ್ಲಿ ಬೌದ್ಧ ದರ್ಶನವನ್ನು ಅರಿಯಲು ವಿದೇಶೀಯರು ಬರುತ್ತಾರೆ. ಮುಂಡಗೋಡದ ಟಿಬೆಟನ್ ವಸತಿ ಪ್ರದೇಶಕ್ಕೆ ಬರುವ ವಿದೇಶಿ ಪ್ರಜೆಗಳು ಕೇಂದ್ರ ಗೃಹ ಸಚಿವಾಲಯದಿಂದ ಪರವಾನಗಿ ಪಡೆದಿರಬೇಕು. ಅದರಲ್ಲಿ ದಿನಾಂಕಗಳು ನಮೂದಾಗಿರುತ್ತವೆ. ಇಲ್ಲಿಯ ಬಸ್ಸು ನಿಂತಾಗ, ಘಟ್ಟ ಕುಸಿದಾಗ ಅವರದೂ ಅದೇ ಸ್ಥಿತಿ. ಭಾಷೆ ತಿಳಿಯದು, ಪರಿಚಯದವರಿಲ್ಲ, ಕಾಗದದ ಮೇಲಿನ ದಿನಾಂಕ ಸಮೀಪಿಸುತ್ತಿರುತ್ತದೆ.

ಪ್ರಕಟಣೆಗಳು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಫಲಕದ ಮೇಲೆ ಇದ್ದರೆ, ಯಾವ ಮಾರ್ಗ ಬಂದ್ ಆಗಿದೆ, ಬದಲಿ ಮಾರ್ಗ ಯಾವುದು ಎಂಬ ಮಾಹಿತಿ ನಿಲ್ದಾಣದ ನಿಯಂತ್ರಕರ ಬಳಿ ಸಿದ್ಧವಿದ್ದರೆ ಅಂಥವರಿಗೆ ದೊಡ್ಡ ಉಪಕಾರ. ಅದು ಆಗುವವರೆಗೆ, ಹುಬ್ಬಳ್ಳಿ ಬಸ್ಸು ಯಾವುದೆಂದು ಸನ್ನೆಯಲ್ಲಿ ಕೇಳುವ ಅಪರಿಚಿತರಿಗೆ ಟ್ರ್ಯಾಕ್ಸ್ ನಿಲ್ಲುವ ಜಾಗವನ್ನಾದರೂ ತೋರಿಸಿ, ನ್ಯಾಯವಾದ ಬಾಡಿಗೆ ಎಷ್ಟೆಂದು ಹೇಳಿ ಕಳುಹಿಸುವುದು ಯಾರಿಂದಲೂ ಆಗುವ ಕೆಲಸ. ದೂರದ ದೇಶದ ನಿಲ್ದಾಣದಲ್ಲಿ ಚೀಟಿ ಹಿಡಿದು ನಿಂತ ಹಳಿಯಾಳದ ತಾಯಿಯೊಬ್ಬರು ಅಲ್ಲಿಯವರಿಂದ ನಿರೀಕ್ಷಿಸುವುದೂ ಇಷ್ಟನ್ನೇ.